ಹೂವು ನಮ್ಮದು, ಪಹಣಿ ಅವರದ್ದು: ಲಾಕ್‌ಡೌನ್ ಪರಿಹಾರದ ದುಡ್ಡು ಯಾರಿಗೆ ಸೇರಬೇಕು?

ಸೇವಂತಿಗೆ ಅಕ್ಕ · 22 ಮೇ 2021, ಬೆಳಿಗ್ಗೆ 9.40

ಎಲ್ಲರಿಗೂ ನಮಸ್ಕಾರ. ಒಂದು ಪ್ರಶ್ನೆ ಕೇಳಬೇಕಿತ್ತು. ಜೊತೆಗೆ ಸ್ವಲ್ಪ ಹೊಟ್ಟೆಯುರಿಯೂ ಇದೆ, ತಡೆದುಕೊಳ್ಳಿ.

ಬೆಂಗಳೂರಿಂದ ಅರವತ್ತು ಕಿಲೋಮೀಟರ್ ಆಚೆ ನಮ್ಮೂರು. ನಾಲ್ಕು ವರ್ಷದಿಂದ ಒಂದು ಎಕರೆ ಗುತ್ತಿಗೆಗೆ ಹಾಕಿಕೊಂಡು ಸೇವಂತಿಗೆ, ಚೆಂಡು ಹೂವು ಬೆಳೆಯುತ್ತಿದ್ದೇವೆ. ವರ್ಷಕ್ಕೆ 30 ಸಾವಿರ. ಎಲ್ಲ ಬಾಯಿ ಮಾತು, ಕಾಗದ ಪತ್ರ ಏನೂ ಇಲ್ಲ. ಪಹಣಿ, ಅಂದರೆ ಜಮೀನಿನ ಸರ್ಕಾರಿ ದಾಖಲೆ, ಓನರ್ ಹೆಸರಿನಲ್ಲಿದೆ. ಅವರು ಬೆಂಗಳೂರಲ್ಲಿದ್ದಾರೆ, ಹಬ್ಬಕ್ಕೊಮ್ಮೆ ಬರುತ್ತಾರೆ.

ಕಳೆದ ವರ್ಷ ಯುಗಾದಿ ಲೆಕ್ಕ ಹಾಕಿಕೊಂಡೇ ಸಸಿ ನೆಟ್ಟಿದ್ದೆವು. ಹೂವು ಸರಿಯಾಗಿ ಬಂತು. ಮಾರ್ಚ್ 25, ಯುಗಾದಿ ದಿನವೇ ದೇಶಕ್ಕೆ ಬೀಗ ಬಿತ್ತು. ದೇವಸ್ಥಾನ ಬಂದ್, ಮದುವೆ ಬಂದ್, ಮಾರ್ಕೆಟ್ ಬಂದ್. ಹದಿನೈದು ದಿನ ನೋಡಿ, ಹೂವಿನ ಮೇಲೇ ಟ್ರ್ಯಾಕ್ಟರ್ ಹೊಡೆಸಿದೆವು. ನಮ್ಮತ್ತೆ ಆ ಕಡೆ ತಿರುಗಿಯೂ ನೋಡಲಿಲ್ಲ.

ಮೇ ತಿಂಗಳಲ್ಲಿ ಮುಖ್ಯಮಂತ್ರಿ ಯಡಿಯೂರಪ್ಪನವರು ಹೂವಿನವರಿಗೆ ಹೆಕ್ಟೇರಿಗೆ 25 ಸಾವಿರ ಅಂದರು. ನಮ್ಮ ಎಕರೆಗೆ ಹತ್ತು ಸಾವಿರ ಬಂತು. ಬಂದಿದ್ದು ಓನರ್ ಖಾತೆಗೆ! ಅವರೇ ಫೋನ್ ಮಾಡಿ, 'ನೋಡಮ್ಮ, ನಿಮ್ಮ ಹೂವಿಂದ ನನಗೂ ಒಂದು ಲಾಭ ಆಯ್ತು' ಅಂತ ನಕ್ಕರು. ನಾನೂ ನಕ್ಕೆ. ಏನು ಮಾಡಲಿ? ಆ ವರ್ಷದ ಗುತ್ತಿಗೆಯಲ್ಲಿ ಒಂದು ರೂಪಾಯಿ ಬಿಡಲಿಲ್ಲ.

ಈಗ ಮತ್ತೆ ಲಾಕ್‌ಡೌನ್, ಮತ್ತೆ ಪ್ಯಾಕೇಜ್. 19ನೇ ತಾರೀಖು ಹೇಳಿದ ಹತ್ತು ಸಾವಿರವಾದರೂ ಈ ಸಲ ಬೆಳೆದವರ ಕೈಗೆ ಬರುವ ಹಾಗೆ ಮಾಡಲು ದಾರಿ ಇದೆಯಾ?

ಬಯಲುಸೀಮೆಯವ · 9.52

ಅಕ್ಕ, ನಮ್ಮದೂ ಇದೇ ಕಥೆ. ಹೂವಿನ ಬದಲು ಎಲೆಕೋಸು ಅಂತ ಓದಿಕೊಳ್ಳಿ.

ಲೆಕ್ಕದ ಮೇಷ್ಟ್ರು · 10.05

ಮೊದಲು ಒಂದು ತಿದ್ದುಪಡಿ. ಈ ಸಲ 10 ಸಾವಿರ ಎಕರೆಗಲ್ಲ, ಹೆಕ್ಟೇರಿಗೆ. ಹೆಕ್ಟೇರ್ ಅಂದರೆ ಎರಡೂವರೆ ಎಕರೆಗೆ ಸ್ವಲ್ಪ ಕಡಿಮೆ. ನಿಮ್ಮ ಒಂದು ಎಕರೆಗೆ ಸಿಗುವುದು ನಾಲ್ಕು ಸಾವಿರ ಚಿಲ್ಲರೆ. ಎಷ್ಟೇ ಜಮೀನಿದ್ದರೂ ಒಂದು ಹೆಕ್ಟೇರಿಗೆ ಮಾತ್ರ.

ಸೇವಂತಿಗೆ ಅಕ್ಕ · 10.11

ಅಯ್ಯೋ, ನಾಲ್ಕು ಸಾವಿರನಾ? ಕಳೆದ ವರ್ಷ ನಮ್ಮ ಎಕರೆಗೆ ಹತ್ತು ಬಂದಿತ್ತಲ್ಲ, ಈ ಸಲವೂ ಅಷ್ಟೇ ಅಂದುಕೊಂಡಿದ್ದೆ.

ಲೆಕ್ಕದ ಮೇಷ್ಟ್ರು · 10.20

ತುಂಬಾ ಜನ ಹಾಗೇ ಅಂದುಕೊಂಡಿದ್ದಾರೆ. ಸರ್ಕಾರದ ಲೆಕ್ಕದಲ್ಲಿ ಈ ಸಲ ಸುಮಾರು 20 ಸಾವಿರ ಹೂವಿನ ಬೆಳೆಗಾರರಿಗೆ 12 ಕೋಟಿ 73 ಲಕ್ಷ. ಭಾಗಿಸಿ ನೋಡಿ, ತಲೆಗೆ ಆರು ಸಾವಿರದ ಮುನ್ನೂರು ಚಿಲ್ಲರೆ. ಪ್ಯಾಕೇಜ್ ಒಟ್ಟು 1,250 ಕೋಟಿ. ಅದರಲ್ಲಿ ಹೂವಿನದು ನೂರಕ್ಕೆ ಒಂದು.

ಕಳೆದ ವರ್ಷ 1,610 ಕೋಟಿ ಪ್ಯಾಕೇಜಿನಲ್ಲಿ ಹೂವಿಗೆ 11,687 ಹೆಕ್ಟೇರ್ ಲೆಕ್ಕ ಹಿಡಿದಿದ್ದರು. 25 ಸಾವಿರದಿಂದ ಗುಣಿಸಿದರೆ 29 ಕೋಟಿ ಚಿಲ್ಲರೆ. ಅದು ನೂರಕ್ಕೆ ಎರಡೂ ಇಲ್ಲ. ಪೇಪರಿನಲ್ಲಿ ಮಾತ್ರ ಹೆಡ್‌ಲೈನ್ 'ಹೂ ಬೆಳೆಗಾರರಿಗೆ ಬಂಪರ್'.

ಮಂಡಿಯವ · 10.31

ಮೇಷ್ಟ್ರೇ, ಅದೇ ದಿನ ಮದ್ಯದ ಮೇಲೆ ಅಬಕಾರಿ ಸುಂಕ ಇನ್ನೂ 11 ಪರ್ಸೆಂಟ್ ಏರಿಸಿದ್ದನ್ನೂ ಸೇರಿಸಿಕೊಳ್ಳಿ. ನಮ್ಮ ಹೂವಿನ ನಷ್ಟ ತುಂಬಿಕೊಟ್ಟವರು ಕುಡಿಯುವವರು. ಅವರಿಗೊಂದು ಹಾರ ಹಾಕಬೇಕು, ಹೂವಂತೂ ಕೆಜಿಗೆ ಐದು ರೂಪಾಯಿ ಇದೆ.

ಆಟೋ ಅಣ್ಣ · 10.38

ನಮಗೂ ಹೋದ ವರ್ಷ 5 ಸಾವಿರ, ಈ ವರ್ಷ 3 ಸಾವಿರ. ವೈರಸ್ ದೊಡ್ಡದಾದ ಹಾಗೆ ಪರಿಹಾರ ಚಿಕ್ಕದಾಗುತ್ತಿದೆ ನೋಡಿ.

ಹಳೇ ಪಟೇಲರ ಮನೆ · 11.15

ನಾನು ಜಮೀನು ಗುತ್ತಿಗೆಗೆ ಕೊಟ್ಟವನು. ಬೈಯುವ ಮೊದಲು ನಮ್ಮ ಕಡೆಯ ಮಾತನ್ನೂ ಕೇಳಿ.

ಅಕ್ಕನ ಓನರ್ ಮಾಡಿದ್ದು ಸರಿ ಅನ್ನುತ್ತಿಲ್ಲ. ಆದರೆ ಅವರು ಯಾಕೆ ಕಾಗದ ಮಾಡಿಕೊಡುವುದಿಲ್ಲ ಅಂತ ಯೋಚಿಸಿದ್ದೀರಾ? ನಮ್ಮ ರಾಜ್ಯದಲ್ಲಿ ವ್ಯವಸಾಯದ ಜಮೀನನ್ನು ಗೇಣಿಗೆ ಕೊಡುವುದೇ ಕಾನೂನಿನಲ್ಲಿ ಇಲ್ಲ. ಸೈನಿಕರು, ಹಡಗಿನಲ್ಲಿ ಕೆಲಸ ಮಾಡುವವರು, ಇಂಥ ಒಂದೆರಡು ವಿನಾಯಿತಿ ಬಿಟ್ಟರೆ ಬಾಗಿಲು ಮುಚ್ಚಿದೆ. ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ ತಿದ್ದುಪಡಿ ಬಂದಾಗ ನಮ್ಮಜ್ಜನ ಆರು ಎಕರೆ ಫಾರಂ ನಂಬರ್ 7ರಲ್ಲಿ (ಜಮೀನು ತಮಗೆ ಬೇಕು ಅಂತ ಗೇಣಿದಾರರು ಹಾಕುವ ಅರ್ಜಿ) ಹೋಯಿತು. ಉಳುತ್ತಿದ್ದವರಿಗೆ ಸಿಕ್ಕಿತು, ಆ ಕಾಲಕ್ಕೆ ಅದು ನ್ಯಾಯವೇ. ಆದರೆ ಆ ಹೆದರಿಕೆ ಮನೆಯಲ್ಲಿ ಇನ್ನೂ ಹೋಗಿಲ್ಲ. ಪಹಣಿಯ 12ನೇ ಕಾಲಂನಲ್ಲಿ, ಅಂದರೆ ಸಾಗುವಳಿ ಮಾಡುವವರ ಹೆಸರಿನ ಜಾಗದಲ್ಲಿ, ಬೇರೆಯವರ ಹೆಸರು ಕಂಡರೆ ನಮ್ಮಪ್ಪನಿಗೆ ಈಗಲೂ ಬಿಪಿ ಏರುತ್ತದೆ. ಅದಕ್ಕೇ ಎಲ್ಲ ಬಾಯಿ ಮಾತು.

ಹಾವೇರಿ ಹುಡುಗ · 11.22

ಕಳೆದ ವರ್ಷ 79ಎ, 79ಬಿ ತೆಗೆದರಲ್ಲ ಸರ್, ಇನ್ನೇನು ಹೆದರಿಕೆ?

ಹಳೇ ಪಟೇಲರ ಮನೆ · 11.26

ಅದು ಬೇರೆ, ಇದು ಬೇರೆ. ಅದು ರೈತರಲ್ಲದವರು ಜಮೀನು ಕೊಳ್ಳುವ ವಿಷಯ. ಗೇಣಿಯ ಕಲಂ ಹಾಗೇ ಇದೆ.

ಬಯಲುಸೀಮೆಯವ · 11.34

ಪಟೇಲರೇ, ಕಾಗದ ಮಾಡಿಕೊಡಬೇಡಿ, ಬಿಡಿ. ಆದರೆ ಖಾತೆಗೆ ಬಂದ ದುಡ್ಡನ್ನು ತೆಗೆದು ಬೆಳೆದವನ ಕೈಗೆ ಕೊಡಲು ಯಾವ ಕಾನೂನು ಅಡ್ಡ ಬರುತ್ತದೆ? ಹೂವು ಕೊಳೆತಾಗ ನಷ್ಟ ಗುತ್ತಿಗೆಯವನದು, ಪರಿಹಾರ ಬಂದಾಗ ಪಹಣಿಯವನದು. ಇದ್ಯಾವ ಸೀಮೆ ಲೆಕ್ಕ?

ಹಳೇ ಪಟೇಲರ ಮನೆ · 11.41

ನಾನು ಕೊಟ್ಟಿದ್ದೇನೆ ಸ್ವಾಮಿ. ನಮ್ಮ ಹೊಲದಲ್ಲಿ ಟೊಮೆಟೊ ಹಾಕಿದ್ದವನಿಗೆ ಹೆಕ್ಟೇರಿಗೆ 15 ಸಾವಿರದ ಲೆಕ್ಕದಲ್ಲಿ ಬಂದದ್ದನ್ನು ಪೂರ್ತಿ ಕೊಟ್ಟೆ. ಅವನು ಅದನ್ನೇ ಗುತ್ತಿಗೆಗೆ ಮುರಿದುಕೊಳ್ಳಿ ಅಂದ, ಮುರಿದುಕೊಂಡೆ.

ಬಯಲುಸೀಮೆಯವ · 11.43

ಅಂದರೆ ಸುತ್ತಿ ಬಳಸಿ ನಿಮ್ಮ ಹತ್ತಿರವೇ ಉಳಿಯಿತು 😄

ಹಾವೇರಿ ಹುಡುಗ · 12.10

ನಮ್ಮ ಕಡೆ ಜಮೀನು ನಮ್ಮದೇ, ಆದರೂ ದುಡ್ಡು ಬರಲಿಲ್ಲ. ಅದರ ಕಥೆ ಕೇಳಿ.

ಕಳೆದ ವರ್ಷ ಗೋವಿನಜೋಳದವರಿಗೆ ತಲಾ 5 ಸಾವಿರ ಅಂತ ಘೋಷಣೆ ಆಯ್ತಲ್ಲ, ಸುಮಾರು ಹತ್ತು ಲಕ್ಷ ರೈತರಿಗೆ, 500 ಕೋಟಿ. ಕೋಳಿ ತಿಂದರೆ ಕೊರೊನಾ ಬರುತ್ತದೆ ಅಂತ ಯಾರೋ ವಾಟ್ಸಾಪ್‌ನಲ್ಲಿ ಬಿಟ್ಟ ಪುಕಾರಿಗೆ ಕೋಳಿ ಫಾರಂನವರು ಮರಿಗಳನ್ನು ಜೀವಂತ ಹೂತರು. ಕೋಳಿ ಇಲ್ಲ ಅಂದ ಮೇಲೆ ಕೋಳಿ ತಿನ್ನುವ ಗೋವಿನಜೋಳ ಕೇಳುವವರು ಯಾರು? ಬೆಂಬಲ ಬೆಲೆ ಕ್ವಿಂಟಲಿಗೆ 1,760 ಇತ್ತು, ನಮ್ಮಪ್ಪ 1,200ಕ್ಕೆ ಕೊಟ್ಟು ಬಂದರು.

5 ಸಾವಿರ ಬರುತ್ತದೆ ಅಂತ ಕಾದೆವು. ಪಕ್ಕದ ಹೊಲದವರಿಗೆ ಬಂತು, ನಮಗಿಲ್ಲ. ಹೋಗಿ ವಿಚಾರಿಸಿದರೆ ಬೆಳೆ ಸಮೀಕ್ಷೆಯಲ್ಲಿ ನಮ್ಮ ಸರ್ವೆ ನಂಬರಿಗೆ ಬರೀ 'ಜೋಳ' ಅಂತ ಬಿದ್ದಿದೆ! ಸಮೀಕ್ಷೆ ಮಾಡಿದ ಹುಡುಗ ನಮ್ಮ ಊರಿನವನೇ. ಕೇಳಿದರೆ, 'ಕಾಕಾ, ಎರಡೂ ಜೋಳ ಅಲ್ಲೇನ್ರಿ' ಅಂದ.

ಮಂಡಿಯವ · 12.14

ತಪ್ಪು ನಿಮ್ಮದೇ. ಮುಸುಕಿನಜೋಳ ಅಂತ ಹೇಳಬೇಕಿತ್ತು.

ಹಾವೇರಿ ಹುಡುಗ · 12.16

ನಮ್ಮ ಕಡೆ ಹಾಗಂದರೆ ಯಾರಿಗೆ ತಿಳಿಯುತ್ತದೆ? ಗೋವಿನಜೋಳ.

ದಾವಣಗೆರೆ ಬೆಣ್ಣೆ · 12.19

ಇಬ್ಬರೂ ಸುಮ್ಮನಿರಿ. ಅದು ಮೆಕ್ಕೆಜೋಳ.

ಸುಮ್ನೆ ಓದುವವ · 12.25

ಒಂದು ಕಾಳಿಗೆ ಮೂರು ಹೆಸರು ಇಟ್ಟುಕೊಂಡು ಪರಿಹಾರ ಬರಲಿಲ್ಲ ಅಂದರೆ ಪಾಪ ಕಂಪ್ಯೂಟರ್ ಏನು ಮಾಡಬೇಕು?

ಪಿಆರ್ ಹುಡುಗ · 1.30

ಬೈಸಿಕೊಳ್ಳಲು ನಾನೇ ಬಂದೆ. ನಾನೂ ಸಮೀಕ್ಷೆಗೆ ಹೋಗುವವನು (ಹಾವೇರಿ ಅಣ್ಣ, ನಿಮ್ಮ ಊರಿಗಲ್ಲ).

ಕೆಲಸ ಹೇಗೆ ಅಂದರೆ, ಪ್ರತಿ ಸರ್ವೆ ನಂಬರ್, ಹಿಸ್ಸಾ ಹತ್ತಿರ ಹೋಗಿ ನಿಲ್ಲಬೇಕು. ಮೊಬೈಲ್‌ನಲ್ಲಿ ಗಡಿ ತೋರಿಸುತ್ತದೆ. ಒಳಗೆ ನಿಂತು ಫೋಟೋ ತೆಗೆದು, ಬೆಳೆ ಆರಿಸಿ, ಎಷ್ಟು ಗುಂಟೆ ಅಂತ ಹಾಕಬೇಕು. ಕೆಲವರು ಬದುವಿನ ಮೇಲೆ ನಿಂತು ನಾಲ್ಕು ಹೊಲಕ್ಕೆ ಒಂದೇ ಉಸಿರಿಗೆ ಹಾಕುತ್ತಾರೆ, ಅದು ನಿಜ. ಮಿಶ್ರ ಬೆಳೆ ಇದ್ದರೆ ಇನ್ನೂ ಕಷ್ಟ. ಮಾವಿನ ಗಿಡಗಳ ನಡುವೆ ಚೆಂಡು ಹೂವು ಇದ್ದರೆ ಅವಸರದಲ್ಲಿ ಮಾವು ಅಂತಷ್ಟೇ ಬೀಳುತ್ತದೆ.

ಆದರೆ ಆ್ಯಪ್ ಬೆಳೆ ನೋಡುತ್ತದೆ, ಬೆಳೆದವರನ್ನು ನೋಡುವುದಿಲ್ಲ. ಸರ್ವೆ ನಂಬರ್ ಹಾಕಿದ ತಕ್ಷಣ ಪಹಣಿಯ ಹೆಸರು ತಾನೇ ಬರುತ್ತದೆ. ಆ ಹೆಸರಿಗೆ ಫ್ರೂಟ್ಸ್‌ನಲ್ಲಿ (ಸರ್ಕಾರದ ರೈತರ ನೋಂದಣಿ ತಂತ್ರಾಂಶ) ಎಫ್‌ಐಡಿ, ಅಂದರೆ ರೈತರ ಗುರುತಿನ ಸಂಖ್ಯೆ, ಇರುತ್ತದೆ, ಅದಕ್ಕೆ ಆಧಾರ್, ಆಧಾರ್‌ಗೆ ಬ್ಯಾಂಕ್ ಖಾತೆ. ಇಡೀ ಸರಪಳಿಯಲ್ಲಿ ಗುತ್ತಿಗೆದಾರ ಅನ್ನುವವನಿಗೆ ಕೊಂಡಿಯೇ ಇಲ್ಲ. ಅಕ್ಕ, ನಿಮ್ಮ ಓನರ್ ಏನೂ ಮಾಡದೇ ಸುಮ್ಮನೆ ಕೂತಿದ್ದರೂ ದುಡ್ಡು ಅವರಿಗೇ ಹೋಗುತ್ತದೆ.

ಒಂದು ಮಾತ್ರ ಮಾಡಿ. ಕಳೆದ ಆಗಸ್ಟ್‌ನಿಂದ ರೈತರೇ ಆ್ಯಪ್‌ನಲ್ಲಿ ಫೋಟೋ ಹಾಕಬಹುದು. ಸಮೀಕ್ಷೆ ಶುರುವಾದಾಗ ಬೆಳೆ ಸರಿಯಾಗಿ ದಾಖಲಾಗಿದೆಯಾ ನೋಡಿಕೊಳ್ಳಿ. ಬೆಳೆಯೇ ತಪ್ಪಾಗಿ ಬಿದ್ದರೆ ನಿಮಗೂ ಇಲ್ಲ, ಓನರಿಗೂ ಇಲ್ಲ.

ಸೇವಂತಿಗೆ ಅಕ್ಕ · 1.44

ಥ್ಯಾಂಕ್ಸ್ ತಮ್ಮ. ಅಂದರೆ ನಾನೇ ಹೋಗಿ ಫೋಟೋ ತೆಗೆದು ಅವರ ಖಾತೆಗೆ ದುಡ್ಡು ಹಾಕಿಸಬೇಕು!

ಹೂ ಕಟ್ಟುವವಳ ಮಗಳು · 3.05

ನಿಮಗೆ ಪಹಣಿ ಇಲ್ಲ ಅಂತ ಬೇಜಾರು. ನಮ್ಮಮ್ಮನಿಗೆ ಏನೂ ಇಲ್ಲ.

ಅಮ್ಮ ಇಪ್ಪತ್ತು ವರ್ಷದಿಂದ ಮನೆ ಜಗುಲಿಯಲ್ಲಿ ಕೂತು ಹೂವು ಕಟ್ಟುತ್ತಾಳೆ. ಅಂಗಡಿಯವನು ಬಿಡಿ ಹೂವು ತಂದು ಸುರಿಯುತ್ತಾನೆ, ಮಾರಿಗೆ ಇಷ್ಟು ಅಂತ ಕೊಡುತ್ತಾನೆ. ಕಾಕಡ, ಕನಕಾಂಬರ ಆದರೆ ಬೆರಳು ಬೀಳುತ್ತದೆ. ನಮ್ಮ ಬೀದಿಯಲ್ಲಿ ಹನ್ನೊಂದು ಮನೆಯವರು ಇದೇ ಕೆಲಸ. ಈ ಸಲದ ಪಟ್ಟಿಯಲ್ಲಿ ಕ್ಷೌರಿಕರು, ದರ್ಜಿಗಳು, ಹಮಾಲರು, ಕುಂಬಾರರು, ಮನೆಕೆಲಸದವರು ಎಲ್ಲರಿಗೂ 2 ಸಾವಿರ ಇದೆ. ಕೊಡಲಿ, ಅವರೂ ನಮ್ಮ ಹಾಗೇ. ಹೂ ಕಟ್ಟುವವರು ಅಂತ ನಾನು ಎಲ್ಲೂ ಕಾಣಲಿಲ್ಲ. ಬೀದಿ ಬದಿ ವ್ಯಾಪಾರಿ ಅನ್ನೋಣ ಅಂದರೆ ಅಮ್ಮ ಬೀದಿಯಲ್ಲಿ ಮಾರುವುದಿಲ್ಲ, ನೋಂದಣಿಯೂ ಇಲ್ಲ.

ಮೊನ್ನೆ 14ಕ್ಕೆ ಅಕ್ಷಯ ತದಿಗೆ ಹೋಯಿತು. ಹೋದ ವರ್ಷದ ತದಿಗೆಯೂ ಲಾಕ್‌ಡೌನಲ್ಲೇ ಹೋಗಿತ್ತು. ಎರಡು ವರ್ಷ ಮದುವೆ ಸೀಸನ್ನೇ ಇಲ್ಲ. ಅಮ್ಮ ಈಗ ಸುಮ್ಮನೆ ಕೂರಲಾಗದೆ ಮನೆಯ ದಾಸವಾಳ ಕಟ್ಟುತ್ತಾಳೆ, ಅದೂ ನೂಲು ವೇಸ್ಟು.

ಸೇವಂತಿಗೆ ಅಕ್ಕ · 3.12

ಇದು ನನಗೆ ಹೊಳೆದೇ ಇರಲಿಲ್ಲ ಕಣಮ್ಮ. ನಾವು ಹೂವು ಕೊಯ್ದು ಮಂಡಿಗೆ ಹಾಕಿದರೆ ಮುಗಿಯಿತು ಅಂದುಕೊಂಡಿರುತ್ತೇವೆ.

ಕಲ್ಲಂಗಡಿ ತೋಟ · 4.20

ನನ್ನ ಮಾತು ಯಾರಿಗೂ ಇಷ್ಟ ಆಗುವುದಿಲ್ಲ, ಆದರೂ ಹೇಳುತ್ತೇನೆ. ಈ ಪರಿಹಾರಕ್ಕೆ ಬಾಯಿ ಬಿಟ್ಟುಕೊಂಡು ಕೂರುವುದೇ ತಪ್ಪು. 2020ರ ಏಪ್ರಿಲ್‌ನಲ್ಲಿ ನನ್ನ ಎರಡು ಎಕರೆ ಕಲ್ಲಂಗಡಿ ಹೊಲದಲ್ಲೇ ಇತ್ತು. ವ್ಯಾಪಾರಿ ಕೊಟ್ಟಿದ್ದ ಅಡ್ವಾನ್ಸ್ ಬಿಟ್ಟು ಫೋನ್ ಆಫ್ ಮಾಡಿಕೊಂಡ. ನನ್ನ ಮಗ ಬೆಂಗಳೂರಲ್ಲಿ ಓದುತ್ತಿದ್ದ, ಊರಿಗೆ ಬಂದಿದ್ದ. ಅವನು ಒಂದು ಅಪಾರ್ಟ್‌ಮೆಂಟ್‌ನವರ ಗುಂಪಿಗೆ ಫೋಟೋ ಹಾಕಿದ. ಪಾಸ್ ಮಾಡಿಸಿಕೊಂಡು ಬೊಲೆರೊ ಪಿಕಪ್‌ನಲ್ಲಿ ಒಯ್ದು ಗೇಟಿನಲ್ಲಿ ಇಳಿಸಿದೆವು. ಮೂರು ತಾಸಿಗೆ ಖಾಲಿ. ಅರ್ಧ ಬೆಳೆ ಹೀಗೆ ಹೋಯಿತು, ಅರ್ಧ ಕೊಳೆಯಿತು. ಹಾಕಿದ ದುಡ್ಡು ಬಂತು.

ಪರಿಹಾರವೂ ಬಂತು, ಇಲ್ಲ ಅನ್ನುವುದಿಲ್ಲ. ಅದು ಗೊಬ್ಬರದ ಅಂಗಡಿಯ ಬಾಕಿಗೂ ಸಾಲಲಿಲ್ಲ.

ಮಂಡಿಯವ · 4.27

ಅಣ್ಣ, ಕಲ್ಲಂಗಡಿ ಅಪಾರ್ಟ್‌ಮೆಂಟಿನವರು ತಿನ್ನುತ್ತಾರೆ. ಎರಡು ಕ್ವಿಂಟಲ್ ಚೆಂಡು ಹೂವು ಒಯ್ದು ಗೇಟಿನಲ್ಲಿ ಇಳಿಸಿದರೆ ಏನು ಮಾಡುತ್ತಾರೆ, ಪಲ್ಯನಾ?

ಬಯಲುಸೀಮೆಯವ · 4.29

😂😂

ಅಯೋವಾ ಕನ್ನಡಿಗ · 6.50

ನಾನು ರೈತನಲ್ಲ, ಅಮೆರಿಕದ ಅಯೋವಾದಲ್ಲಿ ಸಾಫ್ಟ್‌ವೇರ್ ಕೆಲಸ. ಆದರೆ ಇಲ್ಲಿ ಸುತ್ತ ಕಣ್ಣು ಹಾಯಿಸಿದಷ್ಟೂ ನಿಮ್ಮ ಆ ಮೂರು ಹೆಸರಿನ ಜೋಳವೇ. ಅದಕ್ಕೆ ಬಾಯಿ ಹಾಕುತ್ತಿದ್ದೇನೆ.

ಇಲ್ಲೂ ಕಳೆದ ವರ್ಷ ಏಪ್ರಿಲ್‌ನಲ್ಲಿ ರೈತರಿಗೆ ನೇರವಾಗಿ 1,600 ಕೋಟಿ ಡಾಲರ್ ಕೊಡುತ್ತೇವೆ ಅಂದರು. ಸೆಪ್ಟೆಂಬರ್‌ನಲ್ಲಿ ಎರಡನೇ ಕಂತು, ಇನ್ನೂ 1,400 ಕೋಟಿಯವರೆಗೆ. ಒಬ್ಬರಿಗೆ ಮಿತಿ ಎರಡೂವರೆ ಲಕ್ಷ ಡಾಲರ್. ಹೌದು, ಸರಿಯಾಗಿ ಓದಿದ್ದೀರಿ.

ಅಕ್ಕನ ಪ್ರಶ್ನೆಗೆ ಸಂಬಂಧ ಏನು ಅಂದರೆ, ಇಲ್ಲಿ ಅರ್ಧಕ್ಕಿಂತ ಜಾಸ್ತಿ ಜಮೀನು ಗುತ್ತಿಗೆಯದೇ. ಅವರ ನಿಯಮ ಸರಳ: ಬೆಳೆಯ ನಷ್ಟದ ಅಪಾಯ ಯಾರ ತಲೆ ಮೇಲಿದೆಯೋ ಅವರಿಗೆ ದುಡ್ಡು. ಓನರ್ ಎಕರೆಗೆ ಇಷ್ಟು ಅಂತ ನಗದು ಗುತ್ತಿಗೆ ತೆಗೆದುಕೊಂಡರೆ ಅವನಿಗೆ ಏನೂ ಇಲ್ಲ, ಎಲ್ಲ ಬೆಳೆದವನಿಗೆ. ಬೆಳೆಯಲ್ಲಿ ಪಾಲು ಇದ್ದರೆ ಮಾತ್ರ ಓನರಿಗೂ ಅವನ ಪಾಲಿನಷ್ಟು.

ಹಳೇ ಪಟೇಲರ ಮನೆ · 7.02

ಅಲ್ಲಿ ಗುತ್ತಿಗೆ ಬರೆದುಕೊಟ್ಟರೆ ಜಮೀನು ಹೋಗುವುದಿಲ್ಲ. ಅದಕ್ಕೇ ಆ ನಿಯಮ ನಡೆಯುತ್ತದೆ.

ಅಯೋವಾ ಕನ್ನಡಿಗ · 7.08

ಅದು ನಿಜ ಸರ್. ಅಲ್ಲದೆ ಇಲ್ಲಿನ ವ್ಯವಸ್ಥೆ ಚಿನ್ನ ಅಂತಲೂ ಅಲ್ಲ. ಎಷ್ಟು ಜಾಸ್ತಿ ಬೆಳೆಯುತ್ತೀಯೋ ಅಷ್ಟು ಜಾಸ್ತಿ ದುಡ್ಡು. ಸಂತೆಯಲ್ಲಿ ತರಕಾರಿ ಮಾರುವ ಸಣ್ಣ ರೈತರಿಗೆ ಸಿಕ್ಕಿದ್ದು ಕಡಿಮೆ ಅಂತ ಇಲ್ಲಿಯವರೂ ಗೊಣಗುತ್ತಾರೆ. ಒಂದು ಹೆಕ್ಟೇರಿಗೆ ಮಿತಿ ಹಾಕಿದ್ದರಲ್ಲಿ ನಿಮ್ಮವರೇ ವಾಸಿ.

ಲೆಕ್ಕದ ಮೇಷ್ಟ್ರು · 7.15

ಎರಡೂವರೆ ಲಕ್ಷ ಡಾಲರ್ ಅಂದರೆ ಇವತ್ತಿನ ರೇಟಿಗೆ ಒಂದು ಕೋಟಿ 80 ಲಕ್ಷ ರೂಪಾಯಿ ಮೇಲೆ. ನಾನು ಊಟ ಮಾಡಿ ಮಲಗುತ್ತೇನೆ.

ಅಡಿಕೆ ಭಟ್ರು · 8.40

ಪಿಎಂ ಕಿಸಾನ್ ದುಡ್ಡೂ ಹೀಗೇ ಅಲ್ವಾ? ವರ್ಷಕ್ಕೆ 6 ಸಾವಿರ ಕೇಂದ್ರದ್ದು, 4 ಸಾವಿರ ರಾಜ್ಯದ್ದು, ಎಲ್ಲ ಪಹಣಿ ನೋಡಿಯೇ. ನಮ್ಮನೆಯಲ್ಲಿ ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿದೆ. ಅಜ್ಜ ಹೋಗಿ ಹದಿನಾಲ್ಕು ವರ್ಷ ಆಯಿತು. ಪೌತಿ ಖಾತೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಬದಲಿಸುವುದು) ಮಾಡಿಸಲು ಮೂವರು ಚಿಕ್ಕಪ್ಪಂದಿರ ಸಹಿ ಬೇಕು, ಇಬ್ಬರು ಮಾತಾಡುವುದಿಲ್ಲ. ಅಂತೂ ಒಂದು ರೂಪಾಯಿ ಪರಿಹಾರ ನಮ್ಮನೆ ಹೊಸಿಲು ದಾಟಿಲ್ಲ.

ಸುಮ್ನೆ ಓದುವವ · 8.44

ಭಟ್ರೇ, ಅಡಿಕೆ ರೇಟು ನೋಡಿದರೆ ನೀವೇ ಸರ್ಕಾರಕ್ಕೆ ಪರಿಹಾರ ಕೊಡಬಹುದು.

ಅಡಿಕೆ ಭಟ್ರು · 8.46

ಬನ್ನಿ, ಕೊಳೆ ರೋಗಕ್ಕೆ ಔಷಧಿ ಹೊಡೆಯಲು ಮರ ಹತ್ತುವವರನ್ನು ಹುಡುಕಿಕೊಡಿ. ಆಮೇಲೆ ರೇಟು ಮಾತಾಡೋಣ.

ಬಯಲುಸೀಮೆಯವ · 9.10

ಇನ್ನೊಂದು ಮಾತು ಮರೆತಿದ್ದೆ. ಪಹಣಿ ಸರಿ ಇದ್ದವರೂ ಖಾತೆ ನೋಡಿಕೊಳ್ಳಿ. ನಮ್ಮ ದೊಡ್ಡಪ್ಪನಿಗೆ ಕಳೆದ ವರ್ಷ ದುಡ್ಡು ಬರಲೇ ಇಲ್ಲ ಅಂತ ಎರಡು ತಿಂಗಳು ಕಚೇರಿ ಅಲೆದರು. ಕೊನೆಗೆ ನೋಡಿದರೆ ಯಾವಾಗಲೋ ಗ್ಯಾಸ್ ಸಬ್ಸಿಡಿಗೆ ಅಂತ ತೆರೆದಿದ್ದ ಹಳೇ ಖಾತೆಯಲ್ಲಿ ಬಿದ್ದಿತ್ತು. ಪಾಸ್‌ಬುಕ್ ಅಟ್ಟದ ಮೇಲಿತ್ತು. ಆಧಾರ್ ಕೊನೆಗೆ ಯಾವ ಖಾತೆಗೆ ಜೋಡಿಸಿದ್ದೀರೋ ದುಡ್ಡು ಅಲ್ಲಿಗೇ ಹೋಗುತ್ತದೆ. ನೀವು ಅರ್ಜಿಯಲ್ಲಿ ಬರೆದ ಖಾತೆಗಲ್ಲ.

ಪಿಆರ್ ಹುಡುಗ · 9.14

ಇದು ನೂರಕ್ಕೆ ನೂರು ಸರಿ. ಬ್ಯಾಂಕಿಗೆ ಹೋದಾಗ 'ಎನ್‌ಪಿಸಿಐ ಮ್ಯಾಪಿಂಗ್ ಯಾವ ಖಾತೆಗಿದೆ' ಅಂತ ಕೇಳಿ, ಅಂದರೆ ಆಧಾರ್ ಮೂಲಕ ಬರುವ ದುಡ್ಡು ಯಾವ ಖಾತೆಗೆ ಬೀಳುತ್ತದೆ ಅಂತ. 'ಆಧಾರ್ ಲಿಂಕ್ ಆಗಿದೆಯಾ' ಅಂತ ಕೇಳಿದರೆ ಆಗಿದೆ ಅಂದು ಕಳಿಸುತ್ತಾರೆ. ಎರಡೂ ಬೇರೆ ಬೇರೆ.

ಆಟೋ ಅಣ್ಣ · 9.20

ಬೆಳಿಗ್ಗೆಯಿಂದ ಓದುತ್ತಿದ್ದೇನೆ. ಒಂದು ವಿಷಯ ತಿಳಿಯಿತು, ನನ್ನ ಆಟೋ ನನ್ನ ಹೆಸರಿನಲ್ಲಿದೆ, ದೇವರು ದೊಡ್ಡವನು. ನಮ್ಮಲ್ಲೂ ಬಾಡಿಗೆ ಗಾಡಿ ಓಡಿಸುವವರಿದ್ದಾರೆ, ಆದರೆ ದುಡ್ಡು ಡಿಎಲ್, ಬ್ಯಾಡ್ಜ್ ನೋಡಿ ಓಡಿಸುವವನಿಗೇ ಬರುತ್ತದೆ. ಆಟೋಗೆ ಆಗುವುದು ಹೊಲಕ್ಕೆ ಯಾಕಾಗುವುದಿಲ್ಲ?

ಮಂಡಿಯವ · 9.23

ಇದು ಪಾಯಿಂಟು.

ಹಳೇ ಪಟೇಲರ ಮನೆ · 9.31

ಒಪ್ಪಿದೆ. ಉಳುವವನಿಗೂ ಒಂದು ಬ್ಯಾಡ್ಜ್ ಕೊಡಲಿ. ನಮ್ಮ ಹಕ್ಕಿಗೆ ಧಕ್ಕೆ ಬರದ ಹಾಗೆ, ಈ ವರ್ಷ ಈ ಹೊಲದಲ್ಲಿ ಇವರು ಬೆಳೆದರು ಅಂತ ಅಷ್ಟೇ. ನಾನೇ ಮೊದಲು ಸಹಿ ಹಾಕುತ್ತೇನೆ.

ಸೇವಂತಿಗೆ ಅಕ್ಕ · 24 ಮೇ, ರಾತ್ರಿ 8.15

ಎರಡು ದಿನ ಬರಲಾಗಲಿಲ್ಲ, ಮನೆಯವರಿಗೆ ಜ್ವರ. ಟೆಸ್ಟ್ ನೆಗೆಟಿವ್, ಗಾಬರಿ ಬೇಡ.

ಓನರಿಗೆ ಫೋನ್ ಮಾಡಿದೆ. ಪರಿಹಾರದ ಮಾತು ಎತ್ತಲು ನಾಲಿಗೆ ಬರಲಿಲ್ಲ, ಮೊದಲು ಊಟ, ತಿಂಡಿ, ಆಕ್ಸಿಜನ್ ಬೆಡ್ಡು ಅಂತ ಏನೇನೋ ಮಾತಾಡಿದೆ. ಕೊನೆಗೆ ಪಟೇಲರ ಮನೆಯವರು ಬರೆದದ್ದನ್ನೇ ಹೇಳಿದೆ: 'ಸರ್, ಕಾಗದ ಬೇಡ, 12ನೇ ಕಾಲಂ ಬೇಡ, ಬಂದದ್ದನ್ನು ಗುತ್ತಿಗೆಯಲ್ಲಿ ಮುರಿದುಕೊಳ್ಳಿ.' ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, 'ಈ ಸಲದ್ದು ಮುರಿದುಕೊಳ್ಳಮ್ಮ, ಹೋದ ಸಲದ್ದು ಕೇಳಬೇಡ' ಅಂದರು.

ನಾಲ್ಕು ಸಾವಿರ. ಬರಲಿ ನೋಡೋಣ.

ಬಯಲುಸೀಮೆಯವ · 8.20

ಗೆದ್ದಿರಿ ಬಿಡಿ ಅಕ್ಕ! ನಾನೂ ನಾಳೆ ಫೋನ್ ಮಾಡುತ್ತೇನೆ. ಆಕ್ಸಿಜನ್ ಬೆಡ್ಡಿನಿಂದಲೇ ಶುರು ಮಾಡುತ್ತೇನೆ.

ಹೂ ಕಟ್ಟುವವಳ ಮಗಳು · 8.33

ಅಕ್ಕ, ಹೂವು ಇನ್ನೂ ಹೊಲದಲ್ಲಿದೆಯಾ, ಟ್ರ್ಯಾಕ್ಟರ್ ಹೊಡೆಸಿಬಿಟ್ಟಿರಾ?

ಸೇವಂತಿಗೆ ಅಕ್ಕ · 8.36

ಚೆಂಡು ಹೂವು ಹೊಡೆಸಿದೆವು. ಸೇವಂತಿಗೆ ಗಿಡ ಬಿಟ್ಟಿದ್ದೇವೆ, ಕುಡಿ ಚಿವುಟಿದರೆ ವರಮಹಾಲಕ್ಷ್ಮಿಗೆ ಬಂದರೂ ಬರಬಹುದು. ಯಾಕೆ?

ಹೂ ಕಟ್ಟುವವಳ ಮಗಳು · 8.38

ಸುಮ್ನೆ ಕೇಳಿದೆ. ಅಮ್ಮನಿಗೆ ಹೇಳುತ್ತೇನೆ.